ನುಣುಪು ಪರದೆಯೂ ಅತ್ತಿಗೆಯ ಕಣ್ಣೂ

ಬೀದಿ ದೀಪಗಳು ಇನ್ನೂ ಆರಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ ಮತ್ತೆ ಮಾರುವ ಅಂಗಡಿಯ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಕಪ್ಪು ಬಟ್ಟೆ ಕಟ್ಟುತ್ತಿದ್ದಾರೆ. ಒಂದು ತುದಿ ಮೊಳೆಗೆ ನಿಲ್ಲದೆ ಜಾರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಬಾಯಲ್ಲಿ ಕಚ್ಚಿಕೊಂಡಿದ್ದವರು ಅದನ್ನೇ ತೆಗೆದು ಸಿಕ್ಕಿಸಿ ಕೆಳಗಿಳಿಯುತ್ತಾರೆ. ಬಿಸಿಲು ಕಿಟಕಿಗೆ ಬಡಿಯುವಷ್ಟರಲ್ಲಿ ಕೋಣೆ ಕತ್ತಲಾಗಿರಬೇಕು. ಹೊರಗಿನ ಬೆಳಕು ಬಿದ್ದರೆ ಲ್ಯಾಪ್‌ಟಾಪಿನ ಪರದೆ ತನ್ನ ಹುಳುಕು ತೋರಿಸುವುದಿಲ್ಲ.

ಉದ್ದನೆಯ ಮೇಜಿನ ಮೇಲೆ ಬಾಯ್ದೆರೆದು ಕೂತ ಲ್ಯಾಪ್‌ಟಾಪ್‌ಗಳ ಸಾಲು. ಎಲ್ಲದರ ಮೇಲೂ ಒಂದೇ ಚಿತ್ರ. ಎಡಕ್ಕೆ ಅಪ್ಪಟ ಕಪ್ಪು, ಬಲಕ್ಕೆ ಅಪ್ಪಟ ಬಿಳಿ, ನಡುವೆ ಬೂದು. ಅವರು ಕುರ್ಚಿ ಎಳೆದುಕೊಂಡು ಮೊದಲನೆಯದರ ಮುಂದೆ ಕೂರುತ್ತಾರೆ, ಕತ್ತನ್ನು ಒಂದು ಮಗ್ಗುಲಿಗೆ ವಾಲಿಸಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಸುಮ್ಮನಾಗುತ್ತಾರೆ.

“ಕಪ್ಪಿಂದ ಬಿಳಿಗೆ ಹೋಗೋದು ಬೆಳಗಾದ ಹಾಗಿರಬೇಕು. ಯಾವಾಗ ಕತ್ತಲೆ ಹೋಯ್ತು ಅಂತ ಗೊತ್ತೇ ಆಗಬಾರದು” ಎನ್ನುತ್ತಾರೆ. “ಇದರಲ್ಲಿ ನೋಡಿ, ಮೆಟ್ಟಿಲು ಹತ್ತಿಕೊಂಡು ಹೋಗ್ತಿದೆ.”

ಹೊಸಬರ ಕಣ್ಣಿಗೆ ಅಲ್ಲಿ ಬರೀ ಬೂದು ಕಾಣುತ್ತದೆ. ಅವರು ಬೆರಳಿಟ್ಟು ತೋರಿಸಿದ ಮೇಲೆ ಒಂದು ತೆಳುವಾದ ಅಂಚು, ಅದರ ಪಕ್ಕ ಇನ್ನೊಂದು, ಹೀಗೆ ಪಟ್ಟೆ ಪಟ್ಟೆಯಾಗಿ ಬಣ್ಣ ನಿಂತಿರುವುದು ಕಾಣುತ್ತದೆ. ಒಮ್ಮೆ ಕಂಡಿತೆಂದರೆ ಮುಗಿಯಿತು, ಮತ್ತೆ ಕಾಣದ ಹಾಗೆ ಮಾಡಿಕೊಳ್ಳಲು ಆಗುವುದಿಲ್ಲ. ಬಲ್ಲವರು ಇದನ್ನು ಬ್ಯಾಂಡಿಂಗ್ ಎನ್ನುತ್ತಾರೆ. ಇವರು ಮೆಟ್ಟಿಲು ಎನ್ನುತ್ತಾರೆ. ದಿನವಿಡೀ ಬಾಯಲ್ಲಿ ಅದೇ ಮಾತಾದ್ದರಿಂದ ಅಂಗಡಿಯಲ್ಲಿ ಇವರು ಎಲ್ಲರಿಗೂ ಮೆಟ್ಟಿಲಕ್ಕ. ಮಾಲೀಕರು ಕೂಡ ಹಾಗೇ ಕರೆಯುತ್ತಾರೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ಮನೆಗೊಯ್ದು ತೆರೆಯುವವರು ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ನೋಡುತ್ತಾರೆ, ಕೀಲಿಗಳನ್ನು ಒತ್ತಿ ನೋಡುತ್ತಾರೆ. ಆ ಪರದೆಯನ್ನು ತಮಗಿಂತ ಮೊದಲು ಒಬ್ಬರು ಕತ್ತಲೆಯಲ್ಲಿ ಕೂತು ಅಂಗುಲ ಅಂಗುಲ ನೋಡಿದ್ದಾರೆಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಮೆಟ್ಟಿಲಕ್ಕನಿಗೆ ಅದರ ಬಗ್ಗೆ ದೂರಿಲ್ಲ. ಅವರನ್ನು ಕೊರೆಯುತ್ತಿರುವುದು ಬೇರೆ. ಆ ಮಾತು ಬಂದಾಗಲೆಲ್ಲ ಅವರು ಪರದೆ ಒರೆಸುವ ಬಟ್ಟೆಯನ್ನು ಮಡಿಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಚುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ಅವರು ಪೇಂಟ್ ಅಂಗಡಿಯಲ್ಲಿದ್ದರು. ಗಿರಾಕಿ ಗೋಡೆಯಿಂದ ಒಂದು ಚೂರು ಕೆರೆದು ತಂದರೆ ಅದೇ ಬಣ್ಣವನ್ನು ಡಬ್ಬಿಯಲ್ಲಿ ಕಲಸಿ ಕೊಡುವುದು. ಅಲ್ಲಿಗೆ ಬಣ್ಣ ಕಲಸುವ ಯಂತ್ರ ಬಂದ ಮೇಲೆ ಇವರ ಕೈಗೆ ಬರೀ ಮುಚ್ಚಳ ಹಾಕುವ ಕೆಲಸ ಉಳಿಯಿತು. ಒಂದು ದಿನ ಅಂಗಡಿಯ ಕಂಪ್ಯೂಟರ್ ರಿಪೇರಿಗೆ ಹೋಗಿ ಬಂತು. “ಇದರಲ್ಲಿ ಬೂದು ಬಣ್ಣ ಕಟ್ಟುಕಟ್ಟಾಗಿ ಕಾಣ್ತಿದೆ, ನೀವು ಬೇರೆ ಪರದೆ ಹಾಕಿದ್ದೀರಿ” ಎಂದು ಇವರು ರಿಪೇರಿಯವರ ಜೊತೆ ಜಗಳಕ್ಕೆ ನಿಂತರು. ರಿಪೇರಿ ಅಂಗಡಿಯ ಮಾಲೀಕರು ಜಗಳ ಆಡುವುದು ಬಿಟ್ಟು, “ನಮ್ಮಲ್ಲಿ ಕೆಲಸಕ್ಕೆ ಬರ್ತೀಯೇನಮ್ಮಾ?” ಎಂದು ಕೇಳಿದರು.

ಅಂದಿನಿಂದ ಕಣ್ಣೇ ಅವರ ಅನ್ನ. ನೆಲಮಾಳಿಗೆಯ ತಂಡಿಗೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಕತ್ತು ಯಾವಾಗಲೂ ಎಡಕ್ಕೇ ವಾಲಿರುತ್ತದೆ. “ಫೋಟೊ ತೆಗೆಯೋರು ತಲೆ ನೆಟ್ಟಗಿಡಿ ಅಂತಾರೆ, ನಾನು ನೆಟ್ಟಗೇ ಇಟ್ಟಿದ್ದೀನಿ ಅಂದ್ಕೊಂಡಿರ್ತೀನಿ” ಎಂದು ನಗುತ್ತಾರೆ. ಆದರೆ ಕಣ್ಣು ಒಂದು ದಿನವೂ ನೋಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೋಡಿದರೂ ಉರಿಯಿಲ್ಲ, ನೀರಿಲ್ಲ. ಅದೇ ಅವರ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ಅನಾಹುತ ಮಾಡಿತು ಎಂದು ಈಗ ಅವರೇ ಹೇಳುತ್ತಾರೆ.

ಒಡೆದ ಪರದೆಗಳ ಜಾಗಕ್ಕೆ ಅಗ್ಗದ ಪರದೆಗಳು ಬರತೊಡಗಿದಾಗ ಮೆಟ್ಟಿಲುಗಳು ಹೆಚ್ಚಾದವು. ಅಂಥ ಪರದೆಗೆ ಎಲ್ಲ ಛಾಯೆಗಳನ್ನೂ ತೋರಿಸುವ ತ್ರಾಣವಿರುವುದಿಲ್ಲ. ಅದಕ್ಕೊಂದು ಉಪಾಯವಿದೆ. ಡಿದರಿಂಗ್ ಎನ್ನುತ್ತಾರೆ. ಪರದೆಯ ಬಳಿ ಇರುವುದು ತುಸು ಕಪ್ಪಾದ ಬೂದು ಮತ್ತು ತುಸು ಬಿಳಿಯಾದ ಬೂದು ಎಂದಿಟ್ಟುಕೊಳ್ಳಿ, ಬೇಕಿರುವುದು ಅವೆರಡರ ನಡುವಿನದು. ಆಗ ಒಂದೊಂದು ಚುಕ್ಕಿಯೂ ಈ ಬೂದಿನಿಂದ ಆ ಬೂದಿಗೆ, ಆ ಬೂದಿನಿಂದ ಈ ಬೂದಿಗೆ ಸರಸರನೆ ಹಾರಾಡುತ್ತಿರುತ್ತದೆ. ನೋಡುವವರ ಕಣ್ಣು ಎರಡನ್ನೂ ಬೆರೆಸಿಕೊಂಡು, ಇಲ್ಲದ ಮೂರನೆಯ ಬೂದನ್ನು ಕಾಣುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಆಯ್ಕೆ ಒತ್ತಿದರೆ ಸಾಕು, ಮೆಟ್ಟಿಲೆಲ್ಲ ಕರಗಿ ಪರದೆ ಬೆಣ್ಣೆಯ ಹಾಗಾಗುತ್ತದೆ.

“ಬಣ್ಣ ಕಲಸಿ ಬಂದವಳಲ್ವಾ ನಾನು. ನುಣ್ಣಗಾದದ್ದು ನೋಡಿ ಹೊಟ್ಟೆ ತುಂಬಿದ ಹಾಗಾಯ್ತು. ಆಮೇಲೆ ನನ್ನ ಕೈಗೆ ಬಂದದ್ದಕ್ಕೆಲ್ಲ ಅದನ್ನೇ ಮಾಡಿ ಕಳಿಸಿದೆ. ಯಾರೂ ಮಾಡು ಅಂದಿರ್ಲಿಲ್ಲ. ಮಾಡಬೇಡ ಅಂತಾನೂ ಅಂದಿರ್ಲಿಲ್ಲ.”

ಹಾಗೆ ನುಣುಪು ಮಾಡಿದ ಒಂದು ಲ್ಯಾಪ್‌ಟಾಪ್ ಅವರ ಮನೆಗೇ ಬಂತು.

ಮೆಟ್ಟಿಲಕ್ಕ ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿದ್ದಾರೆ. ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಾನೆ, ತಾಯಿ ಇದ್ದಾರೆ, ಅತ್ತಿಗೆ ಇದ್ದಾರೆ. ಆಸ್ಪತ್ರೆಯ ವೈದ್ಯರು ಬಾಯಲ್ಲಿ ಹೇಳಿ ಕಳಿಸುವ ಟಿಪ್ಪಣಿಗಳನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವುದು ಅತ್ತಿಗೆಯ ಕೆಲಸ. ಊಟದ ಮೇಜಿನ ಒಂದು ಮೂಲೆಯೇ ಅವರ ಆಫೀಸು. ಹಳೆಯ ಲ್ಯಾಪ್‌ಟಾಪ್ ಕೆಟ್ಟು ಕೂತಾಗ ನಾದಿನಿ ತನ್ನ ಅಂಗಡಿಯಿಂದ ಆರಿಸಿ ಆರಿಸಿ ಒಂದನ್ನು ತಂದುಕೊಟ್ಟರು. ಅತ್ತಿಗೆ ಅದರ ಮುಚ್ಚಳ ಸವರಿ, “ಹಾಲಿನ ಕೆನೆ ಹಾಗಿದೆಯಲ್ಲೇ ಪರದೆ” ಎಂದಿದ್ದರಂತೆ.

ಸ್ವಲ್ಪ ದಿನಕ್ಕೆ ಅತ್ತಿಗೆಗೆ ಕಣ್ಣು ನೋಯತೊಡಗಿತು. ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಎನ್ನುತ್ತಿದ್ದರು. ಹುಬ್ಬಿನ ಹಿಂದೆ ಹಗ್ಗ ಬಿಗಿದಂತಾಗುತ್ತದೆ, ಪರದೆ ನಿಂತೇ ಇದ್ದರೂ ಅದು ಒಳಗೊಳಗೇ ನಡುಗುತ್ತಿದೆ ಅನ್ನಿಸುತ್ತದೆ ಎಂದರು. ಕಣ್ಣಿನ ಡಾಕ್ಟರು ನೋಡಿ, ಕಣ್ಣು ಚೊಕ್ಕವಾಗಿದೆ, ನಡುನಡುವೆ ಎದ್ದು ದೂರ ನೋಡಿ ಎಂದು ಹೇಳಿ ಕಳಿಸಿದರು. ಮನೆಯವರ ಬಾಯಿಗೆ ಆ ಮಾತೇ ಆಹಾರವಾಯಿತು.

“ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ಇನ್ನೇನಿರುತ್ತೆ? ಕೆಲಸ ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳಬಾರದಾ?” ಎಂದ ಅಣ್ಣ. “ಟೀವಿ ನೋಡುವಾಗ ಯಾವ ಮರಳೂ ಇರಲ್ಲ” ಎಂದರು ಅಮ್ಮ. ಅತ್ತಿಗೆ ನಾದಿನಿಯ ಕಡೆ ತಿರುಗಿದರು. ಪರದೆಯ ವಿಷಯ ಬಲ್ಲವಳು ಈ ಮನೆಯಲ್ಲಿ ಅವಳೊಬ್ಬಳೇ. “ನೀನೇ ನೋಡಿ ಹೇಳೇ” ಎಂದರು.

ಮೆಟ್ಟಿಲಕ್ಕ ನೋಡಿದರು. ಒಂದು ಮೆಟ್ಟಿಲೂ ಇರಲಿಲ್ಲ. ತಾವೇ ನುಣುಪು ಮಾಡಿದ ಪರದೆ.

ಮುಂದಿನ ಮಾತು ಹೇಳುವಾಗ ಅವರ ದನಿ ಸಣ್ಣದಾಗುತ್ತದೆ. “ಎಲ್ಲರೂ ಊಟಕ್ಕೆ ಕೂತಿದ್ರು. ನಾನು ಅಂದೆ, ದಿನಾ ಇದನ್ನೇ ನೋಡೋಳು ನಾನು. ಪರದೆ ಚಿನ್ನದ ಹಾಗಿದೆ. ತೊಂದರೆ ಇರೋದು ಪರದೆಯಲ್ಲೂ ಅಲ್ಲ, ಕಣ್ಣಲ್ಲೂ ಅಲ್ಲ, ಮನಸ್ಸಲ್ಲಿ ಅಂತ. ಅಣ್ಣ ನಕ್ಕ. ಅಮ್ಮ ನಕ್ಕರು. ನಾನೂ ನಕ್ಕೆ.”

ಅತ್ತಿಗೆ ನಗಲಿಲ್ಲ. ಆಮೇಲೂ ಕೆಲವು ದಿನ ಒದ್ದೆ ಬಟ್ಟೆ ಕಣ್ಣಿಗೊತ್ತಿಕೊಂಡು ಟೈಪ್ ಮಾಡಿದರು. ತಪ್ಪುಗಳು ಹೆಚ್ಚಾದವು. ಔಷಧದ ಹೆಸರು ತಪ್ಪಾದರೆ ಆಸ್ಪತ್ರೆಯವರು ಸುಮ್ಮನಿರುವುದಿಲ್ಲ. ಒಂದು ಬೆಳಿಗ್ಗೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟು, ಕೆಲಸ ಬಿಟ್ಟೆ ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಯಾಕೆಂಬುದನ್ನು ಮೆಟ್ಟಿಲಕ್ಕ ಮೊದಲೇ ತೀರ್ಮಾನ ಮಾಡಿಕೊಟ್ಟಿದ್ದರಲ್ಲ.

ಸುಳ್ಳು ಬಯಲಾದದ್ದು ಅಂಗಡಿಯಲ್ಲಿ. ಪುಸ್ತಕಗಳ ಕರಡು ತಿದ್ದುವ ಗಿರಾಕಿಯೊಬ್ಬರು ಎರಡು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಒಂದು ಅವರ ಹಳೆಯದು, ಪರದೆಯ ತುಂಬ ಮೆಟ್ಟಿಲುಗಳಿದ್ದದ್ದು. ಇನ್ನೊಂದು ಇಲ್ಲಿ ಕೊಂಡದ್ದು, ನುಣುಪಾದದ್ದು. “ಈ ಮುದಿಯನ ಮುಂದೆ ಇಡೀ ದಿನ ಕೂರ್ತೀನಿ, ಏನೂ ಆಗಲ್ಲ. ನಿಮ್ಮ ಈ ಸುಂದರಿಯ ಮುಂದೆ ಕೂತ್ರೆ ಕಣ್ಣೊಳಗೆ ಮರಳು ಹಾಕಿದ ಹಾಗಾಗುತ್ತೆ. ನನಗೇನು ತಲೆ ಕೆಟ್ಟಿದೆಯಾ, ಒಂಚೂರು ನೋಡಿ ಹೇಳಿ” ಎಂದರು.

ಮರಳು ಎಂಬ ಮಾತು ಕಿವಿಗೆ ಬಿದ್ದದ್ದೇ ಮೆಟ್ಟಿಲಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ನುಣುಪಿನ ಲ್ಯಾಪ್‌ಟಾಪನ್ನು ಎತ್ತಿಕೊಂಡರು. ಬೆಸುಗೆ ಹಾಕುವ ಹಿರಿಯ ಕೆಲಸಗಾರ, ಅಂಗಡಿಗೆಲ್ಲ ಬೆಸುಗೆ ಮಾಮ, ಪಕ್ಕದಲ್ಲೇ ಇದ್ದರು. ಸಣ್ಣ ಬೆಸುಗೆಗಳನ್ನು ನೋಡುವ ಅವರ ಸೂಕ್ಷ್ಮದರ್ಶಕದ ಕೆಳಗೆ ಆ ಪರದೆಯನ್ನು ಹಿಡಿದು, ಮೇಲಿನ ಗಾಜಿಗೆ ಮೆಟ್ಟಿಲಕ್ಕ ತಮ್ಮ ಫೋನ್ ಒತ್ತಿ, ನಿಧಾನಗತಿಯ ವೀಡಿಯೊ ತೆಗೆದರು. ತೆಗೆದದ್ದನ್ನು ಹಾಕಿ ನೋಡಿದರೆ, ಬರಿಗಣ್ಣಿಗೆ ಕಲ್ಲಿನ ಹಾಗೆ ನಿಂತಿದ್ದ ಬೂದು ಬಣ್ಣ ಕೆದಕಿದ ಇರುವೆ ಗೂಡಿನಂತೆ ಗಿಜಿಗಿಜಿ ಅನ್ನುತ್ತಿತ್ತು. ಹಳೆಯ ಲ್ಯಾಪ್‌ಟಾಪಿನ ವೀಡಿಯೊದಲ್ಲಿ ಪಟ್ಟೆಗಳು ತೆಪ್ಪಗೆ ಬಿದ್ದಿದ್ದವು.

“ಅಯ್ಯೋ, ಇದು ಪರದೆಯಾ, ಸಂತೆಯಾ?” ಎಂದರು ಬೆಸುಗೆ ಮಾಮ.

ಮೆಟ್ಟಿಲಕ್ಕ ನಗಲಿಲ್ಲ. ಗಿರಾಕಿಗೆ ಕುರ್ಚಿ ಹಾಕಿ ಕೂರಿಸಿ, ಆ ಆಯ್ಕೆಯನ್ನು ತೆಗೆದು, “ಈಗ ಮೆಟ್ಟಿಲು ಕಾಣುತ್ತೆ, ಆದ್ರೆ ನಡುಗಲ್ಲ. ನಾಲ್ಕು ದಿನ ನೋಡಿ ಸಾರ್” ಎಂದು ಕಳಿಸಿ, ಕಪ್ಪು ಬಟ್ಟೆಯ ಹಿಂದೆ ಹೋಗಿ ಕೂತರು. ಆ ದಿನ ಇನ್ನೊಂದು ಪರದೆಯನ್ನು ನೋಡಲು ಅವರಿಂದ ಆಗಲಿಲ್ಲ.

“ನಾಚಿಕೆ ಆಗಿದ್ದು ತಪ್ಪು ಮಾಡಿದ್ದಕ್ಕಲ್ಲ. ಅದು ಗೊತ್ತಿಲ್ದೆ ಆಗಿದ್ದು. ಯಾರೋ ಗಿರಾಕಿ ಬಂದು ಹೇಳಿದ್ರೆ ಕುರ್ಚಿ ಹಾಕಿ ಕೇಳಿದೆ, ಫೋನ್ ಹಿಡಿದು ಪರೀಕ್ಷೆ ಮಾಡಿಸಿದೆ. ಅದೇ ಮಾತನ್ನ ಮನೆಯಲ್ಲಿ ಅತ್ತಿಗೆ ಹೇಳಿದ್ರೆ ನಗಾಡಿದೆ. ನನ್ನ ಕಣ್ಣಿಗೆ ಕಾಣದ್ದು ಲೋಕದಲ್ಲೇ ಇಲ್ಲ ಅಂದ್ಕೊಂಡುಬಿಟ್ಟಿದ್ದೆ.”

ಸಂಜೆ ಮನೆಗೆ ಹೋದವರೇ ಬೀರುವಿನ ಮೇಲಿನ ಲ್ಯಾಪ್‌ಟಾಪ್ ಇಳಿಸಿ ಸರಿ ಮಾಡಿದರು. ಎಲ್ಲರೂ ಊಟಕ್ಕೆ ಕೂತಾಗ ಮಾತು ತೆಗೆದರು. ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ತಟ್ಟೆಯ ಮುಂದೆ ಕೂತಾಗ ಅದೆಲ್ಲ ಮರೆತುಹೋಯಿತು. “ಅತ್ತಿಗೆ, ನೀವು ಹೇಳಿದ್ದು ಸರಿ ಇತ್ತು. ಅದು ನಡುಗ್ತಿತ್ತು. ನಡುಗೋ ಹಾಗೆ ಮಾಡಿದ್ದೂ ನಾನೇ” ಎಂದಷ್ಟೇ ಹೇಳಿ ಫೋನಿನ ವೀಡಿಯೊವನ್ನು ಮುಂದಿಟ್ಟರು.

ಅಣ್ಣ ಇಣುಕಿ ನೋಡಿ, “ಹಾಗಾದ್ರೆ ಇವಳ ಮನಸ್ಸು ಸರಿಯಾಗೇ ಇತ್ತು ಅನ್ನು” ಎಂದು ನಗೆಯಾಡಲು ಹೋದ. ಯಾರೂ ಜೊತೆಗೂಡಲಿಲ್ಲ. ಅತ್ತಿಗೆ ವೀಡಿಯೊವನ್ನು ಪೂರ್ತಿ ನೋಡಿದರು. ಫೋನನ್ನು ಮೆತ್ತಗೆ ವಾಪಸು ತಳ್ಳಿದರು.

“ನನ್ನ ಕಣ್ಣು ನೋಯ್ತಿತ್ತು ಅನ್ನೋದಕ್ಕೆ ಫೋನು ಬಂದು ಸಾಕ್ಷಿ ಹೇಳಬೇಕಾಯ್ತಾ?” ಎಂದು ಕೇಳಿ, ತಟ್ಟೆ ಎತ್ತಿಕೊಂಡು ಒಳಗೆ ಹೋದರು.

 

ಅಂಗಡಿಯಲ್ಲಿ ಮಾತ್ರ ಒಂದು ಪದ್ಧತಿ ಬದಲಾಗಿದೆ. ಅಗ್ಗದ ಪರದೆ ಹಾಕಿದ ಲ್ಯಾಪ್‌ಟಾಪ್ ಕೊಳ್ಳಲು ಬಂದವರ ಮುಂದೆ ಅವರು ಎರಡನ್ನು ಅಕ್ಕಪಕ್ಕ ಇಡುತ್ತಾರೆ, ಒಂದು ಮೆಟ್ಟಿಲಿನದು, ಒಂದು ನುಣುಪಿನದು. ಎರಡರಲ್ಲೂ ಸ್ವಲ್ಪ ಓದಿ ನೋಡಿ, ಅವಸರ ಬೇಡ ಎನ್ನುತ್ತಾರೆ. ಬಹಳಷ್ಟು ಮಂದಿ ನುಣುಪಿನದನ್ನೇ ಎತ್ತಿಕೊಂಡು ಹೋಗುತ್ತಾರೆ, ಅವರಿಗೆ ಏನೂ ಆಗುವುದಿಲ್ಲ. ಹಿಂದೆ ನುಣುಪು ಮಾಡಿ ಕಳಿಸಿದವುಗಳನ್ನು ಕೊಂಡವರಲ್ಲಿ ಸಿಕ್ಕಷ್ಟು ಜನರಿಗೂ ಫೋನ್ ಮಾಡಿದ್ದಾರೆ. ಹೆಚ್ಚಿನವರು, “ಯಾಕಮ್ಮಾ, ಚೆನ್ನಾಗೇ ಇದೆಯಲ್ಲ” ಎಂದರು. ಒಬ್ಬಾಕೆ ಮಾತ್ರ, “ನಾನೇ ಏನೋ ಹುಚ್ಚಿ ಅಂದ್ಕೊಂಡಿದ್ದೆ” ಎಂದರಂತೆ. ಆ ಫೋನ್ ಇಟ್ಟ ಮೇಲೆ ಮೆಟ್ಟಿಲಕ್ಕ ಮುಖ ತೊಳೆದುಕೊಂಡು ಬಂದರು.

ಯಾರಿಗೆ ನೋಯುತ್ತದೆ, ಯಾರಿಗೆ ಇಲ್ಲ, ಯಾಕೆ ಎಂಬುದು ಅವರಿಗೆ ಗೊತ್ತಿಲ್ಲ. ಕೇಳಿದ ಡಾಕ್ಟರೂ ಖಚಿತವಾಗಿ ಹೇಳಲಾರೆ ಎಂದರು. ಕೆಲವು ಪರದೆಗಳಲ್ಲಿ ಈ ಹಾರಾಟ ಹುಟ್ಟಿನಿಂದಲೇ ಇರುತ್ತದೆ, ಯಾವ ಆಯ್ಕೆ ಒತ್ತಿದರೂ ನಿಲ್ಲುವುದಿಲ್ಲ. ಅಂಥದ್ದು ಬಂದರೆ ಬದಿಗಿಟ್ಟು, ಕೊಳ್ಳುವವರಿಗೆ ಮೊದಲೇ ಹೇಳುತ್ತಾರೆ. “ಹೀಗೆ ಹೆದರಿಸಿದ್ರೆ ವ್ಯಾಪಾರ ಹೇಗಮ್ಮಾ?” ಎಂದು ಮಾಲೀಕರು ಗೊಣಗುತ್ತಾರೆ. ಆದರೆ ಬೇಡ ಎಂದಿಲ್ಲ.

ಒಮ್ಮೆ ಅವರಿಗೊಂದು ಯೋಚನೆ ಬಂತು. ಅತ್ತಿಗೆಯನ್ನೇ ಅಂಗಡಿಗೆ ಕರೆದುಕೊಂಡು ಹೋದರೆ? ತನಗೆ ಕಾಣದ್ದು ಅವರಿಗೆ ತಿಳಿಯುತ್ತದಲ್ಲ. ಹೋಗಿ ಕೇಳಿಯೇಬಿಟ್ಟರು. ಅತ್ತಿಗೆ ಬಟ್ಟೆ ಹಿಂಡುತ್ತಿದ್ದವರು ತಲೆ ಎತ್ತದೆ, “ನೋಯುತ್ತಾ, ಇಲ್ವಾ ಅಂತ ನೋಡೋದಕ್ಕೆ ನನ್ನ ಕಣ್ಣು ನಿಮ್ಮ ಅಂಗಡಿ ಸಾಮಾನಾ?” ಎಂದರು. ಮೆಟ್ಟಿಲಕ್ಕ ಹಿಂಡುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು. “ಹೌದಲ್ವಾ, ಎಂಥಾ ಮಾತು ಕೇಳಿದೆ ನಾನು” ಎಂದು ಈಗ ಹಣೆ ಚಚ್ಚಿಕೊಳ್ಳುತ್ತಾರೆ.

ಅತ್ತಿಗೆ ಮತ್ತೆ ಟೈಪ್ ಮಾಡುತ್ತಿದ್ದಾರೆ. ಹಳೆಯ ಆಸ್ಪತ್ರೆಯವರು ಬೇರೆಯವರನ್ನು ಇಟ್ಟುಕೊಂಡಿದ್ದರು. ಈಗ ಬೇರೊಂದು ಸಣ್ಣ ಕ್ಲಿನಿಕ್ಕಿನ ಕೆಲಸ. ಪರದೆಯ ಮೇಲ್ತುದಿಯಲ್ಲಿ ಬೂದು ಮೆಟ್ಟಿಲುಗಳು ಎದ್ದು ಕಾಣುತ್ತವೆ. ಹಾದುಹೋಗುವಾಗ ಮೆಟ್ಟಿಲಕ್ಕನ ಕೈ ತುರಿಸುತ್ತದೆ, ಅವರು ಬೇರೆ ಕಡೆ ನೋಡುತ್ತಾರೆ. ಅತ್ತಿಗೆಯ ಕಣ್ಣಿನ ಉರಿ ಪೂರ್ತಿ ಹೋಗಿಲ್ಲ, ಬಹುಪಾಲು ಹೋಗಿದೆ ಎಂಬ ಸುದ್ದಿ ಅಮ್ಮನ ಬಾಯಿಂದ ತಿಳಿದದ್ದು. ಅತ್ತಿಗೆ ಮನೆಯಲ್ಲಿ ಎಲ್ಲರ ಹತ್ತಿರವೂ ಮಾತಾಡುತ್ತಾರೆ. ನಾದಿನಿಯ ಹತ್ತಿರವೂ ಉಪ್ಪು ಮುಗಿದಿದೆ, ಬಾಗಿಲು ಹಾಕು ಎಂಬಷ್ಟು ಮಾತಿದೆ. ತಲೆನೋವು, ಸೊಂಟನೋವು, ಯಾವ ನೋವಿನ ಮಾತೂ ಅವರ ಕಡೆ ಬರುವುದಿಲ್ಲ.

“ಬೈದ್ರೆ ತಡ್ಕೋಬಹುದು. ನನ್ನ ಹತ್ರ ನೋವು ಹೇಳೋದನ್ನೇ ಬಿಟ್ಟುಬಿಟ್ಟಿದ್ದಾರಲ್ಲ, ಅದು ತಡ್ಕೊಳ್ಳೋಕಾಗಲ್ಲ” ಎನ್ನುತ್ತಾರೆ. “ಇನ್ನೊಂದು ಸಲ ಬಂದು, ಇಲ್ಲಿ ನೋಯ್ತಿದೆ ಕಣೇ ಅನ್ನಲಿ. ಅಷ್ಟು ಸಾಕು ನನಗೆ.”

ಈ ಮಾತು ಆಡಿದ ವಾರದಲ್ಲೇ ಒಂದು ಸಂಜೆ. ಅಣ್ಣ ಅಡುಗೆಮನೆಗೆ ಹೊಸ ದೀಪ ತಂದು ಹಾಕಿದ್ದಾನೆ. ಮನೆಯೆಲ್ಲ ಬೆಳ್ಳಗೆ ಹೊಳೆಯುತ್ತಿದೆ. ಅಮ್ಮ ಅದರ ಕೆಳಗೆ ಕೂತು ತರಕಾರಿ ಹೆಚ್ಚುತ್ತಿದ್ದಾರೆ. ಅತ್ತಿಗೆ ಒಲೆಯ ಮುಂದೆ ನಿಂತು ಎರಡು ಸಲ ಕಣ್ಣುಜ್ಜಿಕೊಳ್ಳುತ್ತಾರೆ. ಮೆಟ್ಟಿಲಕ್ಕ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಅತ್ತಿಗೆ ತಿರುಗಿ ನೋಡುತ್ತಾರೆ, ಮತ್ತೆ ಪಾತ್ರೆಯ ಕಡೆಗೇ ತಿರುಗಿ ಹೇಳುತ್ತಾರೆ:

“ಈ ದೀಪ ನನ್ನ ಕಣ್ಣಿಗೆ ಆಗ್ತಾ ಇಲ್ಲ ಕಣೇ.”

ಮೆಟ್ಟಿಲಕ್ಕ ದೀಪದ ಕಡೆ ತಲೆ ಎತ್ತುವುದಿಲ್ಲ. ನೆಟ್ಟಗೆ ಹೋಗಿ ಸ್ವಿಚ್ಚು ಒತ್ತುತ್ತಾರೆ. ಅಡುಗೆಮನೆ ಕತ್ತಲಾಗುತ್ತದೆ, ಒಲೆಯ ನೀಲಿ ಉರಿಯಷ್ಟೇ ಉಳಿಯುತ್ತದೆ.

“ಯಾರೇ ಅದು, ನನ್ನ ಬೆರಳೂ ಸಾರಿಗೆ ಬೀಳಬೇಕಾ?” ಎಂದು ಅಮ್ಮ ಕೂಗುತ್ತಾರೆ. ಹೊರಗಿನ ಕೋಣೆಯಿಂದ ಅಣ್ಣ ಓಡಿ ಬರುತ್ತಾನೆ. “ಇವತ್ತು ತಂದ ದೀಪ ಕಣೇ ಅದು. ಚೆನ್ನಾಗೇ ಉರೀತಿತ್ತಲ್ಲ. ಏನಾಗಿತ್ತು ಅದಕ್ಕೆ? ನೋಡಿದೆಯಾ ನೀನು?”

“ನೋಡಿಲ್ಲ” ಎನ್ನುತ್ತಾರೆ ಮೆಟ್ಟಿಲಕ್ಕ, ಕತ್ತಲೆಯಲ್ಲೇ ಸ್ಟೂಲಿಗಾಗಿ ಕೈಯಾಡಿಸುತ್ತ. “ಅತ್ತಿಗೆಗೆ ಆಗ್ತಾ ಇಲ್ವಂತೆ. ಹಳೇ ದೀಪ ಎಲ್ಲಿಟ್ಟಿದ್ದೀಯ, ಹೇಳು.”